ಬೀಡಿ ಬಿಟ್ಟರೆ ಮಾತ್ರೆ ಜೋರಾಗುತ್ತದೆ: ಮಂಗಳವಾರದ ಕ್ಲಿನಿಕ್‌ನಲ್ಲಿ ಯಾರೂ ಕೇಳದ ಪ್ರಶ್ನೆ

2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಕರ್ನಾಟಕದ ತಂಬಾಕು ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಬೀಡಿ-ಸಿಗರೇಟು ಕೊಳ್ಳುವ ವಯಸ್ಸು 18ರಿಂದ 21ಕ್ಕೇರಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000 ಆಯಿತು. ಹುಕ್ಕಾ ಬಾರ್ ನಡೆಸಿದರೆ ಜೈಲು. ಅದೇ ವರ್ಷದ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿ ಸಿಗರೇಟಿನ ತೆರಿಗೆಯನ್ನು ಶೇ 40ಕ್ಕೆ ಏರಿಸುವ ತೀರ್ಮಾನ ಮಾಡಿತು. ಬೀಡಿಯದ್ದನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸುವುದಾಗಿ ಹೇಳಿತು. ಬಡವರ ಶ್ವಾಸಕೋಶ ಅಷ್ಟು ಅಗ್ಗ ಅಂತ ಇರಬೇಕು! ಇರಲಿ, ಅದು ಬೇರೆಯೇ ಚರ್ಚೆ.

ತಂಬಾಕು ಬಿಡಿಸುವ ಕೆಲಸಕ್ಕೆ ನನ್ನದೇನೂ ತಕರಾರಿಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಆರೋಗ್ಯ ಇಲಾಖೆಯವರು 'ಗುಲಾಬಿ ಆಂದೋಲನ' ಅಂತ ಹೂ ಕೊಟ್ಟು ಸೇದಬೇಡಿ ಎಂದರೆ ಸಂತೋಷವೇ. ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಆ ಆವರಣಗಳಲ್ಲಿ ಹೊಗೆ ಕಾಣಬಾರದು ಅಂದರೂ ಸರಿಯೇ. ನನ್ನ ತಕರಾರು ಇನ್ನೊಂದು. ಬೀಡಿ ಬಿಡಿ ಅನ್ನುವ ಸರ್ಕಾರದ ಒಂದು ಕೈಗೂ, ಮಾನಸಿಕ ಕಾಯಿಲೆಗೆ ಮಾತ್ರೆ ಕೊಡುವ ಅದೇ ಸರ್ಕಾರದ ಇನ್ನೊಂದು ಕೈಗೂ ಮಾತುಕತೆಯೇ ಇಲ್ಲ. ಇದರಿಂದ ಎಲ್ಲರಿಗೂ ತೊಂದರೆ ಆಗುವುದಿಲ್ಲ. ಆದರೆ ಸ್ಕಿಜೋಫ್ರೇನಿಯಾ ಇರುವ, ಕ್ಲೋಜಪಿನ್ ಅಥವಾ ಒಲಾಂಜಪಿನ್ ಎಂಬ ಮಾತ್ರೆ ನುಂಗುತ್ತಿರುವ ಒಬ್ಬ ಮನುಷ್ಯನಿಗೆ ಇದು ಜೀವದ ಪ್ರಶ್ನೆ ಆಗಬಹುದು.

ವಿಷಯ ಇಷ್ಟು. ಬೀಡಿ, ಸಿಗರೇಟಿನ ಹೊಗೆಯಲ್ಲಿ ಟಾರ್ ಇರುತ್ತದೆ. ಎಲೆ ಸುಟ್ಟಾಗ ಹುಟ್ಟುವ ಆ ಟಾರಿನೊಳಗಿನ ಕೆಲವು ರಾಸಾಯನಿಕಗಳು ಲಿವರಿಗೆ ಹೋಗಿ ಅಲ್ಲಿನ ಒಂದು ಕಿಣ್ವವನ್ನು ಎಬ್ಬಿಸುತ್ತವೆ. ವೈದ್ಯರು ಅದನ್ನು ಸಿವೈಪಿ 1ಎ2 ಅಂತಾರೆ. ನಮಗೆ ಹೆಸರು ಮುಖ್ಯವಲ್ಲ, ಅದರ ಕೆಲಸ ಮುಖ್ಯ. ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳನ್ನು ಒಡೆದು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಇದೇ ಕಿಣ್ವ. ಸೇದುವವನ ಲಿವರಿನಲ್ಲಿ ಇದು ಎರಡು ಪಾಳಿ ದುಡಿಯುತ್ತಿರುತ್ತದೆ. ನುಂಗಿದ ಮಾತ್ರೆಯ ಒಂದು ದೊಡ್ಡ ಪಾಲು ಕೆಲಸಕ್ಕೆ ಬರುವ ಮೊದಲೇ ಖಾಲಿ. ಹಾಗಾಗಿ ಸೇದುವವನಿಗೆ ಡಾಕ್ಟರು ಹೆಚ್ಚು ಮಾತ್ರೆ ಕೊಟ್ಟಿರುತ್ತಾರೆ. ಎಷ್ಟೋ ಸಲ ಲೆಕ್ಕ ಹಾಕಿ ಅಲ್ಲ, ಕಾಯಿಲೆ ಹತೋಟಿಗೆ ಬರುವ ತನಕ ಏರಿಸುತ್ತಾ ಹೋಗಿ.

ಈಗ ಅವನು ಬೀಡಿ ಬಿಟ್ಟ ಅನ್ನಿ. ಮಾತ್ರೆ ಅಷ್ಟೇ ಇದೆ, ಹೊತ್ತು ತಪ್ಪಿಲ್ಲ. ಆದರೆ ಕಿಣ್ವವನ್ನು ಎಬ್ಬಿಸುವವರು ಇಲ್ಲ. ಅದರ ಹೆಚ್ಚುವರಿ ದುಡಿಮೆ ಸುಮಾರು ಒಂದೂವರೆ ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಬಂದು ಒಂದು ವಾರದ ಹೊತ್ತಿಗೆ ಬಹುಪಾಲು ನಿಂತೇ ಹೋಗುತ್ತದೆ. ನಮ್ಮ ಊರಿನ ಹೆಸರಲ್ಲೇ ಕೆರೆ ಇದೆ, ಆ ಲೆಕ್ಕದಲ್ಲೇ ಹೇಳುತ್ತೇನೆ. ಕೆರೆಗೆ ಬರುವ ನೀರು ಅಷ್ಟೇ, ತೂಬು ಅರ್ಧ ಮುಚ್ಚಿತು. ಏನಾಗುತ್ತದೆ? ಮಟ್ಟ ಏರುತ್ತದೆ. ಕ್ಲೋಜಪಿನ್ ವಿಷಯದಲ್ಲಿ ಒಂದೆರಡು ವಾರದಲ್ಲಿ ರಕ್ತದ ಮಟ್ಟ ಒಂದೂವರೆ ಪಟ್ಟಿನಷ್ಟಾಗುವುದು ಸಾಮಾನ್ಯ, ಕೆಲವರಲ್ಲಿ ಎರಡು ಪಟ್ಟಿಗೂ ಹೋಗುತ್ತದೆ. ಈ ಮಾತ್ರೆ ಕೆಲಸ ಮಾಡಬೇಕಾದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 350 ನ್ಯಾನೋಗ್ರಾಂ ಬೇಕು ಅನ್ನುವುದು ಒಪ್ಪಿತ ಲೆಕ್ಕ. 600 ದಾಟಿದರೆ ಫಿಟ್ಸ್ ಮುಂತಾದ ಅಪಾಯಗಳ ಕಡೆ ಕಣ್ಣಿಡಬೇಕು. 1,000 ದಾಟಿದರೆ ಅದು ಗಂಭೀರ. 450ರಲ್ಲಿ ನೆಮ್ಮದಿಯಾಗಿದ್ದವನು ಬೀಡಿ ಬಿಟ್ಟ ಪುಣ್ಯಕ್ಕೆ 800-900 ಮುಟ್ಟಬಹುದು. ಒಂದೇ ಒಂದು ಮಾತ್ರೆ ಹೆಚ್ಚು ನುಂಗದೆ!

ಇದೇನು ಹೊಸದಾಗಿ ಕಂಡುಹಿಡಿದದ್ದಲ್ಲ. ಕ್ಲೋಜಪಿನ್ ತೆಗೆದುಕೊಂಡು ಚೆನ್ನಾಗಿದ್ದ ರೋಗಿಗೆ ಸಿಗರೇಟು ಬಿಟ್ಟ ಮೇಲೆ ಫಿಟ್ಸ್ ಬಂದದ್ದು 1994ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. 2020ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಅಲ್ಲಿನ ವೈದ್ಯರಿಗೆಲ್ಲ ಸೂಚನೆ ಕಳಿಸಿತು: ಕ್ಲೋಜಪಿನ್ ರೋಗಿ ಸೇದುವುದು ಬಿಟ್ಟರೆ, ಇ-ಸಿಗರೇಟಿಗೆ ಬದಲಾದರೂ ಸರಿ, ರಕ್ತದಲ್ಲಿ ಮಾತ್ರೆಯ ಮಟ್ಟ ನೋಡಿ. ಔಷಧದ ಪೊಟ್ಟಣದೊಳಗೆ ಮಡಚಿಟ್ಟಿರುವ, ಯಾರೂ ಬಿಡಿಸದ ಆ ತೆಳು ಕಾಗದದಲ್ಲೂ ಧೂಮಪಾನದ ಮಾತು ಬರುತ್ತದೆ. ಅಂದರೆ ಗೊತ್ತಿರುವವರಿಗೆ ಗೊತ್ತು. ಗೊತ್ತಾಗಬೇಕಾದವರಿಗೆ ಹೇಳಿಲ್ಲ.

ನಮ್ಮ ಮನೆಯದೇ ಒಂದು ಸಂಗತಿ ಹೇಳುತ್ತೇನೆ. ನನಗೆ ಚಿಕ್ಕಪ್ಪನ ವರಸೆಯವರೊಬ್ಬರು ಹಳೇಬೀಡು ಕಡೆಯ ಹಳ್ಳಿಯಲ್ಲಿದ್ದಾರೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಕಾಯಿಲೆ. ಬೇರೆ ಮಾತ್ರೆ ಯಾವುದೂ ಹಿಡಿಸದೆ ಕೊನೆಗೆ ಕ್ಲೋಜಪಿನ್‌ನಿಂದ ಮನುಷ್ಯರಾದರು. ಹಸು ನೋಡಿಕೊಳ್ಳುತ್ತಾರೆ, ಡೈರಿಗೆ ಹಾಲು ಹಾಕಿ ಬರುತ್ತಾರೆ. ದಿನಕ್ಕೆ ಒಂದೂವರೆ ಕಟ್ಟು ಬೀಡಿ. ಒಂದು ನವೆಂಬರಿನಲ್ಲಿ ಊರ ಹುಡುಗರ ಜೊತೆ ಅಯ್ಯಪ್ಪ ಮಾಲೆ ಹಾಕಿದರು. ಮಾಲೆ ಹಾಕಿದ ಮೇಲೆ ಕೇಳಬೇಕೆ, ಬೀಡಿ ಅವತ್ತೇ ಬಂದ್. ಹತ್ತು ದಿನ ಆದ ಮೇಲೆ ಚಿಕ್ಕಮ್ಮ ಫೋನ್ ಮಾಡಿದರು. "ಶರಣಂ ಹೇಳ್ತಾ ಕೂತವ್ರು ಹಂಗೇ ತೂಕಡಿಸ್ತಾರೆ ಕಣಪ್ಪ. ದಿಂಬೆಲ್ಲ ಜೊಲ್ಲು. ಗುರುಸ್ವಾಮಿಗಳು ನೋಡ್ಬುಟ್ಟು, ಸ್ವಾಮಿ ಒಳ್ಳೆ ಶಾಂತ ಆಗವ್ರೆ, ಎಲ್ಲಾ ಅಯ್ಯಪ್ಪನ ಕೃಪೆ ಅಂದ್ರು."

ಶಾಂತವೇನೋ ಹೌದು. ಎರಡು ದಿನ ಬಿಟ್ಟು ಬೆಳಗಿನ ಜಾವ ತಣ್ಣೀರು ಸ್ನಾನಕ್ಕೆ ಎದ್ದವರು ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಹಣೆಗೆ ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಆಸ್ಪತ್ರೆಯಲ್ಲಿ ಉಪವಾಸದ ಸುಸ್ತು ಅಂತ ಗ್ಲೂಕೋಸ್ ಏರಿಸಿ ಕಳಿಸಿದರು. ಆಮೇಲೆ ಮಾತ್ರೆ ಬರೆದುಕೊಡುವ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಆ ಡಾಕ್ಟರಮ್ಮ ಮಾಲೆ ನೋಡಿದ್ದೇ ಕೇಳಿದ ಮೊದಲ ಮಾತು: "ಬೀಡಿ ಯಾವತ್ತಿಂದ ಬಿಟ್ರಿ ಸ್ವಾಮಿ?" ಆಮೇಲೆ ಮಲ ಸರಿಯಾಗಿ ಹೋಗುತ್ತಿದೆಯಾ, ಕೈಕಾಲು ಜಗ್ಗಿದ ಹಾಗೆ ಆಗಿತ್ತಾ ಅಂತ ವಿಚಾರಿಸಿದರು. ಮಲಗಿಸಿ, ಎದ್ದು ನಿಲ್ಲಿಸಿ, ಎರಡು ಸಲ ಬಿಪಿ ನೋಡಿದರು. ಮಾತ್ರೆ ತಗ್ಗಿಸಿದರು. ವಾರದಲ್ಲಿ ಚಿಕ್ಕಪ್ಪ ಮೊದಲಿನಂತಾದರು. ಹೋಗುವಾಗ ಇನ್ನೊಂದು ಮಾತು ಹೇಳಿದ್ದರು: "ಮಾಲೆ ತೆಗೆದ ಮೇಲೆ ಬೀಡಿ ಶುರು ಮಾಡಿದ್ರೆ ನನಗೆ ಹೇಳ್ಬೇಕು. ಬೈಯಲ್ಲ. ಆದ್ರೆ ಹೇಳ್ಬೇಕು." ಸಂಕ್ರಾಂತಿ ಕಳೆದ ಮೇಲೆ ಅವರು ಶುರು ಮಾಡಿಯೇ ಬಿಟ್ಟರು. ಹೇಳಿದರು. ಮಾತ್ರೆ ಮತ್ತೆ ಮೆಲ್ಲಗೆ ಮೇಲಕ್ಕೆ ಹೋಯಿತು.

ಆ "ಬೈಯಲ್ಲ" ಅನ್ನುವ ಮಾತಿನ ಬೆಲೆ ನನಗೆ ಗೊತ್ತಾದದ್ದು ಈ ವಿಷಯ ಓದುತ್ತಾ ಹೋದಾಗ. ಯಾಕೆಂದರೆ ಇದರ ಉಲ್ಟಾ ದಾರಿ ಇನ್ನೂ ಕೆಟ್ಟದ್ದು, ಅದರಲ್ಲಿ ಅನ್ಯಾಯವೂ ಇದೆ. ಒಬ್ಬನನ್ನು ಕಾಯಿಲೆ ಜೋರಾದಾಗ ಆಸ್ಪತ್ರೆಗೆ ಸೇರಿಸುತ್ತಾರೆ. ವಾರ್ಡಿನಲ್ಲಿ ಬೀಡಿ ಇಲ್ಲ, ಇರಬಾರದು ಕೂಡ. ಮೂರು ವಾರ ಅಲ್ಲಿದ್ದು, ಬೀಡಿ ಇಲ್ಲದ ದೇಹಕ್ಕೆ ಎಷ್ಟು ಮಾತ್ರೆ ಬೇಕೋ ಅಷ್ಟರಲ್ಲಿ ಅವನು ಸರಿಯಾಗುತ್ತಾನೆ. ಡಿಸ್ಚಾರ್ಜ್ ಆಗಿ ಬಸ್ ಸ್ಟ್ಯಾಂಡಿಗೆ ಬಂದವನು ಮೊದಲು ಮಾಡುವ ಕೆಲಸ ಅಂಗಡಿಗೆ ಹೋಗಿ ಒಂದು ಕಟ್ಟು ಕೊಳ್ಳುವುದು. ಕಿಣ್ವ ಮತ್ತೆ ಎದ್ದು ಕೂರುತ್ತದೆ, ರಕ್ತದಲ್ಲಿ ಮಾತ್ರೆ ಕರಗುತ್ತಾ ಹೋಗುತ್ತದೆ. ತಿಂಗಳು ಕಳೆಯುವುದರೊಳಗೆ ಕಿವಿಯಲ್ಲಿ ಧ್ವನಿಗಳು ಶುರು. ಮನೆಯವರು ಏನಂತಾರೆ? "ಮಾತ್ರೆ ನುಂಗ್ದಂಗೆ ನಾಟ್ಕ ಮಾಡ್ತಾನೆ, ನಾಲ್ಗೆ ಕೆಳಗೆ ಇಟ್ಕೊಂಡು ಉಗೀತಾನೆ." ಡಾಕ್ಟರ ಚೀಟಿಯಲ್ಲಿ 'ಔಷಧ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ' ಅಂತ ಬರೆಯುತ್ತದೆ. ಆ ಮನುಷ್ಯ ಒಂದು ಹೊತ್ತೂ ತಪ್ಪಿಸಿರುವುದಿಲ್ಲ. ಹೇಳಿದರೂ ನಂಬುವವರು ಯಾರು, ಅವನಿಗೆ ಮೊದಲೇ 'ತಲೆ ಸರಿ ಇಲ್ಲ' ಅನ್ನುವ ಹಣೆಪಟ್ಟಿ ಇದೆಯಲ್ಲ.

ಈ ಬದಲಾವಣೆ ಆಗುವ ಜಾಗಗಳನ್ನು ನಮ್ಮ ಸುತ್ತಮುತ್ತ ಹುಡುಕಿದರೆ ಒಂದೆರಡಲ್ಲ. ಮಾಲೆಯ ವ್ರತ ಒಂದು. ಮದ್ಯವರ್ಜನ ಶಿಬಿರಕ್ಕೆ ಸೇರಿಸಿದಾಗ ಕುಡಿತದ ಜೊತೆ ಬೀಡಿಯೂ ನಿಲ್ಲಬಹುದು. ದೇವಸ್ಥಾನದಲ್ಲೋ ದರ್ಗಾದಲ್ಲೋ ಹರಕೆಗೆಂದು ಇಷ್ಟು ದಿನ ಅಂತ ಇರಿಸಿದಾಗ, ಜೈಲಿಗೆ ಹೋದಾಗ, ಆಪರೇಷನ್ ಅಂತ ಮಲಗಿದಾಗ. 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಬೀಡಿ ಅಂಗಡಿಗಳು ಮುಚ್ಚಿ, ಕದ್ದು ಮಾರುವ ಕಡೆ ಕಟ್ಟಿಗೆ ಎರಡು ಮೂರು ಪಟ್ಟು ಕೇಳುತ್ತಿದ್ದರು. ಇಷ್ಟ ಇಲ್ಲದೆಯೇ ಸೇದುವುದು ಬಿಟ್ಟವರು, ಕಡಿಮೆ ಮಾಡಿದವರು ಎಷ್ಟೋ ಮಂದಿ. ಅದರ ಮೇಲೆ ಜ್ವರ. ದೇಹದಲ್ಲಿ ಜೋರು ಸೋಂಕು ಇದ್ದಾಗಲೂ ಇದೇ ಕಿಣ್ವದ ಕೆಲಸ ಕುಗ್ಗಿ ಕ್ಲೋಜಪಿನ್ ಮಟ್ಟ ಏರುತ್ತದೆ. ಅಂದರೆ ನ್ಯುಮೋನಿಯಾ ಬಂದು, ಉಸಿರಾಡಲಾಗದೆ ಬೀಡಿಯನ್ನೂ ಬಿಟ್ಟು ಮಲಗಿದ ರೋಗಿಗೆ ಎರಡು ಕಡೆಯಿಂದ ಹೊಡೆತ. ಅಂಥವರು ಮಂಕಾಗಿ ಬಿದ್ದಿದ್ದರೆ ಜ್ವರದ ಸುಸ್ತು ಅಂದುಕೊಳ್ಳುವುದು ಎಷ್ಟು ಸುಲಭ ಯೋಚಿಸಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಿಣ್ವವನ್ನು ಎಬ್ಬಿಸುವುದು ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ಹೊಗೆಸೊಪ್ಪು, ಗುಟ್ಕಾ, ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ತಂಬಾಕು ಯಾವುದೂ ಈ ಕೆಲಸ ಮಾಡುವುದಿಲ್ಲ. ಅವು ಬಾಯಿ ಕ್ಯಾನ್ಸರ್ ತರುತ್ತವೆ, ಆ ಪ್ರಶ್ನೆ ಬೇರೆ. ಆದರೆ ಗುಟ್ಕಾ ಬಿಟ್ಟರೆ ಮಾತ್ರೆಯ ಮಟ್ಟ ಏರುವುದಿಲ್ಲ. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಏರುತ್ತದೆ. ಲಿವರಿನ ಲೆಕ್ಕದಲ್ಲಿ ಅವನು ಬೀಡಿ ಬಿಟ್ಟವನೇ. ಬೀಡಿ ಬಿಡಲು ಸಹಾಯ ಆಗಲಿ ಅಂತ ಕೊಡುವ ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿಗಳ ಕಥೆಯೂ ಹೀಗೇ. ಅವು ಚಪಲ ತಗ್ಗಿಸುತ್ತವೆ, ಮಾತ್ರೆಯ ಮಟ್ಟ ಏರುವುದನ್ನು ತಡೆಯುವುದಿಲ್ಲ. 'ತಂಬಾಕು ಬಳಸುತ್ತೀರಾ, ಹೌದು ಅಥವಾ ಇಲ್ಲ' ಅನ್ನುವ ಒಂದು ಗೆರೆಯ ಪ್ರಶ್ನೆ ಅದಕ್ಕೇ ಸಾಲದು. 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ನಮ್ಮ ಕ್ಲಿನಿಕ್‌ಗಳಲ್ಲಿ ಕೇಳಬೇಕಾದ್ದು "ಸೇದ್ತೀರೋ, ಜಗೀತೀರೋ? ಸೇದಿದ್ರೆ ದಿನಕ್ಕೆಷ್ಟು?" ಅಂತ. ಎಷ್ಟು ಅನ್ನುವುದೂ ಮುಖ್ಯ. ಆದರೆ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ದಿನಕ್ಕೆ ಹತ್ತರ ಆಸುಪಾಸು ಸಿಗರೇಟು ಸೇದಿದರೆ ಸಾಕು, ಕಿಣ್ವ ಪೂರ್ತಿ ಎದ್ದಿರುತ್ತದೆ. ಮೂವತ್ತರಿಂದ ಹದಿನೈದಕ್ಕೆ ಇಳಿಸಿದವನಿಗೆ ಹೆಚ್ಚು ವ್ಯತ್ಯಾಸ ಆಗಲಿಕ್ಕಿಲ್ಲ, ಹತ್ತರಿಂದ ಸೊನ್ನೆಗೆ ಬಂದವನಿಗೆ ಆಗುತ್ತದೆ.

ಬೇಲೂರು ಕಡೆಯವರಿಗೆ ಇನ್ನೊಂದು ಮಾತು. ಕಾಫಿ. ಕೆಫೀನನ್ನು ಒಡೆಯುವುದೂ ಇದೇ ಕಿಣ್ವ. ಸೇದುತ್ತಿದ್ದವನು ದಿನಕ್ಕೆ ಆರು ಲೋಟ ಕಾಫಿ ಕುಡಿದು ಅರಗಿಸಿಕೊಳ್ಳುತ್ತಿದ್ದ. ಬೀಡಿ ಬಿಟ್ಟ ಮೇಲೆ ಅದೇ ಆರು ಲೋಟ ಅವನಿಗೆ ಹತ್ತು ಹನ್ನೆರಡರಂತೆ ಆಗುತ್ತದೆ. ಎದೆ ಬಡಿತ, ಕೈ ನಡುಕ, ನಿದ್ದೆ ಇಲ್ಲ. ಇದನ್ನು ನೋಡಿ ಕಾಯಿಲೆ ಮರುಕಳಿಸಿತು ಅಂತ ಮಾತ್ರೆ ಇನ್ನಷ್ಟು ಏರಿಸಿದರೆ? ಜೊತೆಗೆ, ಸಿಕ್ಕಾಪಟ್ಟೆ ಕಾಫಿ ಕುಡಿದರೆ ಕೆಫೀನು ಕಿಣ್ವದ ಮುಂದೆ ಸಾಲುಗಟ್ಟಿ ನಿಂತು ಕ್ಲೋಜಪಿನ್‌ನ ಸರದಿ ತಡವಾಗುತ್ತದೆ, ಅದರ ಮಟ್ಟ ಇನ್ನೂ ಮೇಲೆ. ಕಾಫಿ ತೋಟದ ಸೀಮೆಯಲ್ಲಿ ಕಾಫಿ ಬಿಡಿ ಅಂತ ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಬೀಡಿ ಬಿಡುವ ವಾರ ಅರ್ಧಕ್ಕಿಳಿಸಿ ಅನ್ನಬಹುದು ಅಷ್ಟೇ. ಭೇದಿಗೆ, ಉರಿಮೂತ್ರಕ್ಕೆ ಚೀಟಿ ಇಲ್ಲದೆಯೂ ಮೆಡಿಕಲ್ ಶಾಪಿನಲ್ಲಿ ಸಿಗುವ ಸಿಪ್ರೊಫ್ಲಾಕ್ಸಸಿನ್ ಕೂಡ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ಕ್ಲೋಜಪಿನ್ ನುಂಗುವವರ ಮನೆಯಲ್ಲಿ ಆ ಹೆಸರು ನೆನಪಿರಬೇಕು.

ಎಲ್ಲ ಮಾತ್ರೆಗಳಿಗೂ ಈ ಕಥೆ ಅನ್ವಯಿಸುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಸುಮ್ಮನೆ ಗಾಬರಿ. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್, ಅರಿಪಿಪ್ರಜೋಲ್ ತೆಗೆದುಕೊಳ್ಳುವವರು ಬೀಡಿ ಬಿಟ್ಟರೆ ಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ. ಒಲಾಂಜಪಿನ್‌ನಲ್ಲಿ ಇರುತ್ತದೆ, ಆದರೆ ಆ ಮಾತ್ರೆ ಸ್ವಲ್ಪ ಏರಿದರೆ ನಿದ್ದೆ, ಸುಸ್ತು, ತೂಕ ಜಾಸ್ತಿ, ಹೀಗೆ. ಸಾಮಾನ್ಯವಾಗಿ ಜೀವಕ್ಕೆ ಬರುವುದಿಲ್ಲ. ಕ್ಲೋಜಪಿನ್ ಹಾಗಲ್ಲ. ಬೇರೆ ಎರಡು ಮಾತ್ರೆ ಸೋತ ಮೇಲೆ ಕೊಡುವ ಮಾತ್ರೆ ಅದು. ಅಂಥವರಿಗೆ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಮಟ್ಟ ಏರಿದಾಗ ಫಿಟ್ಸ್ ಬರಬಹುದು. ಎಲ್ಲಕ್ಕಿಂತ ಜನ ಅಲಕ್ಷ್ಯ ಮಾಡುವುದು ಮಲಬದ್ಧತೆಯನ್ನು. ಕ್ಲೋಜಪಿನ್‌ನಿಂದ ಕರುಳಿನ ಚಲನೆಯೇ ನಿಂತು ಸತ್ತವರಿದ್ದಾರೆ. ನಾಲ್ಕು ದಿನ ಮಲ ಹೋಗಿಲ್ಲ, ಹೊಟ್ಟೆ ಉಬ್ಬಿದೆ ಅಂದರೆ ಅದು ಬಾಳೆಹಣ್ಣು ತಿನ್ನಿಸಿ ಕಾಯುವ ಸಮಯ ಅಲ್ಲ, ಆಸ್ಪತ್ರೆಗೆ ಹೋಗುವ ಸಮಯ.

"ಹಾಗಾದ್ರೆ ಬೀಡಿ ಸೇದ್ಕೊಂಡೇ ಇರ್ಲಿ ಬಿಡಿ" ಅನ್ನುವವರು ಇದ್ದಾರೆ. ಮನೆಗಳಲ್ಲಿ ಈ ಮಾತು ಸಾಮಾನ್ಯ: ಪಾಪ, ಅವನಿಗೆ ಇರುವ ಸುಖ ಅದೊಂದೇ. ಆಸ್ಪತ್ರೆಯ ಸಿಬ್ಬಂದಿಯೂ ಇದೇ ಧಾಟಿಯಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆತ್ಮಹತ್ಯೆಗಿಂತ ಹೆಚ್ಚು ಜನರನ್ನು ಕೊಲ್ಲುವುದು ಹೃದಯದ, ಶ್ವಾಸಕೋಶದ ಕಾಯಿಲೆಗಳು. ಅವುಗಳ ಹಿಂದೆ ಬೀಡಿ, ಸಿಗರೇಟು ನಿಂತಿದೆ. ಪಶ್ಚಿಮದ ದೇಶಗಳಲ್ಲಿ ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇದುತ್ತಾರೆ. ಕಾಯಿಲೆಯೇ ಮಿದುಳನ್ನು ನಿಕೋಟಿನ್ ಕಡೆ ಎಳೆಯುತ್ತದೆ ಅನ್ನುವ ವಾದ ಅಲ್ಲಿ ಬಲವಾಗಿದೆ. ಆದರೆ ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಟಿ.ಎನ್. ಶ್ರೀನಿವಾಸನ್ ಮತ್ತು ಆರ್. ತಾರಾ ಅಲ್ಲಿ ಚಿಕಿತ್ಸೆಗೆ ಬರುವ ಗಂಡಸು ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಬರೆದದ್ದು ಬೇರೆ ಚಿತ್ರ: ಸೇದುವವರು ಶೇ 38. ಎಲ್ಲವೂ ಮಿದುಳಿನ ಲೆಕ್ಕ ಅಲ್ಲ, ಕೈಯಲ್ಲಿ ಕಾಸಿದೆಯಾ, ಮನೆಯವರು ಬಿಡುತ್ತಾರಾ ಅನ್ನುವುದೂ ಸೇರಿಕೊಂಡಿದೆ ಅನ್ನುವುದು ಅವರ ವಾದ.

ಇದು ನಮಗೆ ಬಹಳ ಹತ್ತಿರದ ಮಾತು. ನಮ್ಮಲ್ಲಿ ರೋಗಿಯ ಬೀಡಿಯ ಕೀಲಿಕೈ ಮನೆಯವರ ಹತ್ತಿರ ಇರುತ್ತದೆ. ಅಮ್ಮ ದಿನಕ್ಕೆ ಹತ್ತು ರೂಪಾಯಿ ಕೊಟ್ಟರೆ ಅಷ್ಟು ಬೀಡಿ. ಅಣ್ಣನಿಗೆ ಸಿಟ್ಟು ಬಂದರೆ ವಾರಗಟ್ಟಲೆ ಇಲ್ಲ. ಕೊಬ್ಬರಿ ಮಾರಿ ಕೈಯಲ್ಲಿ ದುಡ್ಡಾಡುವ ತಿಂಗಳು ಒಂದು ರೀತಿ, ಮಳೆಗಾಲ ಇನ್ನೊಂದು ರೀತಿ. ಅಂದರೆ ರೋಗಿಯ ರಕ್ತದಲ್ಲಿನ ಮಾತ್ರೆಯ ಮಟ್ಟ ಅವನ ಅಣ್ಣನ ಸಿಟ್ಟಿನ ಜೊತೆ, ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ರೇಟಿನ ಜೊತೆ ಏರಿಳಿಯುತ್ತಿರಬಹುದು. ನಗಬೇಡಿ, ಇದು ಔಷಧಶಾಸ್ತ್ರ! ದಂಡ ಹೆಚ್ಚಾದರೆ, ಅಂಗಡಿ ದೂರವಾದರೆ ಮೊದಲು ತಟ್ಟುವುದು ಸ್ವಂತ ದುಡಿಮೆ ಇಲ್ಲದ ಇಂಥವರಿಗೇ. ನಮ್ಮದೇ ಜಿಲ್ಲೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ. ತಂಬಾಕು ಬೆಳೆಸುವುದಕ್ಕೆ ಒಂದು ಮಂಡಳಿ, ಬಿಡಿಸುವುದಕ್ಕೆ ಒಂದು ಘಟಕ, ಎರಡನ್ನೂ ಸಾಕುವ ಸರ್ಕಾರಕ್ಕೆ ನಡುವೆ ಸಿಕ್ಕಿಕೊಂಡವರ ಮಾತ್ರೆ ಚೀಟಿ ನೋಡಲು ಪುರಸೊತ್ತಿಲ್ಲ.

ಹಾಗಂತ ವ್ಯವಸ್ಥೆಯೇ ಇಲ್ಲ ಅನ್ನುವಂತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವುದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದ ಹುಟ್ಟಿ, 1996ರಲ್ಲಿ ದೇಶದ ಯೋಜನೆ ಆದದ್ದು. ಕರ್ನಾಟಕದಲ್ಲಿ 'ಮನೋಚೈತನ್ಯ' ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ನಮ್ಮ ಪಕ್ಕದ ತುರುವೇಕೆರೆಯಲ್ಲಿ, ಅತ್ತ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಿನಲ್ಲೇ ವರ್ಷಾನುಗಟ್ಟಲೆ ಹಿಂಬಾಲಿಸಿ ಚಿಕಿತ್ಸೆ ಕೊಟ್ಟು ತೋರಿಸಿದ್ದಾರೆ. ಹಾಸನದಲ್ಲಿ ಮೆಡಿಕಲ್ ಕಾಲೇಜಿದೆ. 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿರುವ ದೇಶದಲ್ಲಿ ಇಷ್ಟಾದರೂ ಇರುವುದು ಸಣ್ಣದಲ್ಲ.

ಆದರೆ ಮಂಗಳವಾರದ ಕ್ಲಿನಿಕ್ ಹೇಗಿರುತ್ತದೆ ಅಂತ ಹೋಗಿ ಬಂದವರಿಗೆ ಗೊತ್ತು. ಉದ್ದದ ಸಾಲು, ಒಬ್ಬೊಬ್ಬರಿಗೆ ಮೂರೋ ನಾಲ್ಕೋ ನಿಮಿಷ. "ನಿದ್ದೆ ಬರ್ತಿದೆಯಾ? ಊಟ? ಸರಿ, ಅದೇ ಮಾತ್ರೆ." ಮುಂದಿನವರು. ಎಷ್ಟೋ ಸಲ ರೋಗಿ ಬಂದೇ ಇರುವುದಿಲ್ಲ, ಅಣ್ಣನೋ ಅತ್ತಿಗೆಯೋ ಚೀಟಿ ಹಿಡಿದು ಮಾತ್ರೆ ಒಯ್ಯುತ್ತಾರೆ. ರಕ್ತದಲ್ಲಿ ಕ್ಲೋಜಪಿನ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲಿ ಆಗುವ ಮಾತಲ್ಲ, ಮಾದರಿಯನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು, ದುಡ್ಡೂ ಆಗುತ್ತದೆ. ಬಿಳಿ ರಕ್ತಕಣ ನೋಡುವ ಪರೀಕ್ಷೆ ಮಾತ್ರ ಮಾಡಿಸುತ್ತಾರೆ, ಅದು ಬೇರೆ ಅಪಾಯಕ್ಕೆ. ಅದು ಸರಿಯಾಗಿ ಬಂತು ಅಂದರೆ ಕ್ಲೋಜಪಿನ್ ಮಟ್ಟವೂ ಸರಿ ಇದೆ ಅಂತ ಅರ್ಥ ಅಲ್ಲ.

ಪರೀಕ್ಷೆ ಇಲ್ಲ ಅಂತ ಕೈಕಟ್ಟಿ ಕೂರಬೇಕಾಗಿಲ್ಲ. ಇದರಲ್ಲಿ ನನಗೆ ಸಿಟ್ಟು ಬರುವುದೂ ಅದಕ್ಕೇ: ಬೇಕಾಗಿರುವುದು ಯಂತ್ರ ಅಲ್ಲ, ಹಣ ಅಲ್ಲ, ಒಂದು ಪ್ರಶ್ನೆ. ಬೀಡಿ ಬಿಡುವ ದಿನ ಮೊದಲೇ ಗೊತ್ತಿದ್ದರೆ ಡಾಕ್ಟರು ಮೊದಲ ವಾರದಲ್ಲೇ ಮಾತ್ರೆಯನ್ನು ಹಂತಹಂತವಾಗಿ ತಗ್ಗಿಸಬಹುದು. ಒಲಾಂಜಪಿನ್‌ನಲ್ಲಿ ಕಾಲು ಭಾಗದಷ್ಟು, ಕ್ಲೋಜಪಿನ್‌ನಲ್ಲಿ ಕಾಲರಿಂದ ಅರ್ಧದವರೆಗೆ ಅಂತ ಮಾರ್ಗಸೂಚಿಗಳಲ್ಲಿ ಬರುತ್ತದೆ. ಯಾರಿಗೆ ಎಷ್ಟು ಅನ್ನುವುದು ಅವರ ಡಾಕ್ಟರ ತೀರ್ಮಾನ. ಇದನ್ನು ಓದಿ ಮನೆಯಲ್ಲೇ ಮಾತ್ರೆ ಮುರಿಯಲು ಹೋಗಬೇಡಿ, ಕೈಮುಗಿದು ಹೇಳುತ್ತೇನೆ. ಕ್ಲೋಜಪಿನ್ ಪೂರ್ತಿ ನಿಲ್ಲಿಸುವುದಂತೂ ಬೇಡವೇ ಬೇಡ. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಹಳೆಯ ಪ್ರಮಾಣ ಒಂದೇ ಸಲ ನುಂಗುವ ಹಾಗಿಲ್ಲ, ಸಣ್ಣದರಿಂದ ಶುರು ಮಾಡಬೇಕಾಗುತ್ತದೆ.

ಆ ಪ್ರಶ್ನೆ ಕೇಳಬೇಕಾದವರು ಡಾಕ್ಟರೊಬ್ಬರೇ ಅಲ್ಲ. ತಂಬಾಕು ಬಿಡಿಸುವ ಆಪ್ತಸಮಾಲೋಚಕರ ನಮೂನೆಯಲ್ಲಿ 'ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೀರಾ, ಯಾವುದು' ಅಂತ ಒಂದು ಸಾಲು ಬೇಕು. ಮನೋಚೈತನ್ಯದ ಚೀಟಿಯ ಮೇಲೆ, ಬಿಪಿ ಬರೆಯುವ ಜಾಗದ ಪಕ್ಕ, 'ಬೀಡಿ-ಸಿಗರೇಟು ದಿನಕ್ಕೆಷ್ಟು' ಅಂತ ಒಂದು ಖಾನೆ ಬೇಕು, ಪ್ರತಿ ಸಲವೂ ತುಂಬಬೇಕು. ವಾರ್ಡಿನಿಂದ ಡಿಸ್ಚಾರ್ಜ್ ಆಗುವ ಚೀಟಿಯಲ್ಲಿ 'ಈ ಪ್ರಮಾಣ ಸೇದದೆ ಇದ್ದಾಗ ನಿಗದಿ ಮಾಡಿದ್ದು' ಅಂತ ಕನ್ನಡದಲ್ಲಿ ಬರೆಯಬೇಕು. ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇದನ್ನೂ ಹೊರಿಸಿ ಅನ್ನಲು ನನಗೆ ಮನಸ್ಸಿಲ್ಲ. ಅವರ ಬೆನ್ನ ಮೇಲೆ ಇರುವುದೇ ಸಾಕಷ್ಟಿದೆ, ಅದಕ್ಕೆ ಸಿಗುವ ಸಂಬಳವೂ ಗೊತ್ತಿರುವುದೇ. ಆದರೆ ಸಕ್ಕರೆ, ಬಿಪಿ ವಿಚಾರಿಸಲು ಹೋದಾಗ ಕಣ್ಣಿಗೆ ಬಿದ್ದದ್ದನ್ನು ಫೋನಿನಲ್ಲಿ ಹೇಳಲು ಅವರಿಗೊಂದು ನಂಬರು ಕೊಡಬಹುದು.

ಇದು ದಯೆಯ ಪ್ರಶ್ನೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಕಲಂ, ತನಗೆ ಕೊಡುತ್ತಿರುವ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಅಂತ ತಿಳಿಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಬೀಡಿ ಬಿಟ್ಟರೆ ಮಾತ್ರೆಯ ಮಟ್ಟ ಏರುತ್ತದೆ ಅನ್ನುವುದು ಆ ತಿಳಿಯಬೇಕಾದ ಪಟ್ಟಿಯಲ್ಲಿ ಇರಬೇಕಾದ ಸಂಗತಿ. ಕಾಯ್ದೆ ಬಂದು ಇಷ್ಟು ವರ್ಷ ಆಯಿತು. ಚಿಕ್ಕಪ್ಪನಿಗೆ ಮಾತ್ರೆ ಶುರುವಾದಾಗಿನಿಂದ ಎಷ್ಟು ಚೀಟಿ ಆಗಿವೆಯೋ ಲೆಕ್ಕವಿಲ್ಲ, ಚಿಕ್ಕಮ್ಮ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. ನಾನು ಕೂತು ತಿರುವಿ ನೋಡಿದೆ. ಮಾಲೆಯ ವರ್ಷದ ಆ ಒಂದು ಚೀಟಿ ಬಿಟ್ಟರೆ ಬೀಡಿ ಅನ್ನುವ ಪದ ಎಲ್ಲೂ ಇಲ್ಲ.

ನವೆಂಬರ್ ಮಧ್ಯಕ್ಕೆ ಮಂಡಲ ಪೂಜೆಯ ವ್ರತ ಶುರುವಾಗುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಊರುಗಳಲ್ಲಿ ಮಾಲೆ ಹಾಕುವವರಲ್ಲಿ ಈ ಮಾತ್ರೆ ನುಂಗುವವರೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಇದ್ದರೆ ಮಾಲೆಗೆ ಮುಂಚಿನ ಮಂಗಳವಾರವೇ ಹೋಗಿ ಡಾಕ್ಟರಿಗೆ ಹೇಳಿ ಬನ್ನಿ. ಅಷ್ಟು ದೂರ ಹೋಗಲು ಆಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಕೊಡಬೇಕಾಗಿಲ್ಲ. ಬೀಡಿ ಬಿಡಲು ಸಹಾಯ ಬೇಕಾದವರಿಗೆ 1800-11-2356 ಇದೆ. ಅಲ್ಲಿಗೆ ಫೋನ್ ಮಾಡಿದಾಗ ಅವರು ಕೇಳದಿದ್ದರೂ ನೀವೇ ಮೊದಲು ಮಾತ್ರೆಯ ಹೆಸರು ಹೇಳಿ. ಗುರುಸ್ವಾಮಿಗಳಿಗೂ ಒಂದು ಮಾತು ಹಾಕಿಡಿ: ಹೊಸ ಸ್ವಾಮಿ ಹತ್ತನೇ ದಿನಕ್ಕೆ ತೀರಾ ಶಾಂತವಾಗಿಬಿಟ್ಟರೆ ಮನೆಯವರಿಗೆ ತಿಳಿಸಲಿ.